ಹಳೆ ಯೆಜ್ಡಿಗೆ ಮರುಜೀವ: ಆಯಿಲ್ ಸೀಲ್ ಮೊದಲು, ಬಣ್ಣ ಕೊನೆಗೆ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳು ಮಾತ್ರ ಇನ್ನೂ ನಮ್ಮ ರಸ್ತೆಗಳಲ್ಲಿವೆ. ಜುಲೈ ತಿಂಗಳ ಎರಡನೇ ಭಾನುವಾರ, ಜಾವಾ-ಯೆಜ್ಡಿ ದಿನದಂದು, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನೋಡಬೇಕು. ಹೊಗೆ, ಸದ್ದು, ಮಿರಿಮಿರಿ ಕ್ರೋಮು. ಅದನ್ನು ನೋಡಿ ಬಂದವರಿಗೆ ಮನೆ ಹಿಂದಿನ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ನಿಂತಿರುವ ಅಪ್ಪನ ಗಾಡಿ ನೆನಪಾಗುತ್ತದೆ. ಸರಿ, ರೆಡಿ ಮಾಡೋಣ ಅಂತ ಹೊರಡುತ್ತಾರೆ.

ಹೊರಟವರು ನೇರ ಹೋಗುವುದು ಪೇಂಟ್ ಅಂಗಡಿಗೆ. ಅಲ್ಲೇ ಎಡವಟ್ಟು. ಕೈಯಲ್ಲಿದ್ದ ದುಡ್ಡೆಲ್ಲ ಬಣ್ಣಕ್ಕೂ ಕ್ರೋಮಿಗೂ ಹೋಗಿ, ಎಂಜಿನ್ ಬಿಚ್ಚುವ ಹೊತ್ತಿಗೆ ಜೇಬು ಖಾಲಿ. ಕೊನೆಗೆ ಫೋಟೋಗೆ ಚೆನ್ನಾಗಿರುವ, ಬೀದಿ ದಾಟದ ಗಾಡಿ ಉಳಿಯುತ್ತದೆ. ಈ ಲೇಖನದ ಕ್ರಮ ಅದಕ್ಕೆ ಉಲ್ಟಾ: ಮೊದಲು ಕಾಗದ, ಆಮೇಲೆ ಎಂಜಿನ್, ವೈರಿಂಗ್, ಬ್ರೇಕ್. ಬಣ್ಣ ಎಲ್ಲಕ್ಕಿಂತ ಕೊನೆಗೆ.

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ಹಿಡಿಯಿರಿ

ಗಾಡಿ ಮನೆಯದೇ ಆಗಿರಲಿ, ಕೊಳ್ಳುವುದೇ ಆಗಿರಲಿ, ಮೊದಲು ನಂಬರ್ ನೋಡಿ. ಎಂಜಿನ್ ನಂಬರ್ ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಕೆಳಗಿನ ಲೋಹದ ಗೂಡಿನ ಮೇಲೆ ಇರುತ್ತದೆ. ಚಾಸಿ ನಂಬರ್ ಹ್ಯಾಂಡಲ್ ಕೂರುವ ಜಾಗದಲ್ಲಿ, ಫ್ರೇಮಿನ ತಲೆಯ ಹತ್ತಿರ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿ. ಆರ್‌ಟಿಓ ಇನ್‌ಸ್ಪೆಕ್ಟರ್ ಮಾಡುವುದೂ ಇದನ್ನೇ. ಅಂಕಿಗಳು ಆರ್‌ಸಿಯಲ್ಲಿರುವ ಹಾಗೇ ಮೂಡಬೇಕು. ಒಂದು ಅಂಕಿ ಬೇರೆಯಾದರೂ, ಆ ಜಾಗದಲ್ಲಿ ಉಜ್ಜಿದ ಗುರುತಿದ್ದರೂ, ಗಾಡಿ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟು ಬನ್ನಿ.

1989ಕ್ಕೆ ಮುಂಚಿನ ಗಾಡಿಯಾದರೆ ನಂಬರ್ ಪ್ಲೇಟಿನಲ್ಲಿ 'ಕೆಎ' ಇರುವುದಿಲ್ಲ. 'ಎಂವೈ', 'ಸಿಎ' ಅಂತ ಶುರುವಾಗುವ ಹಳೆ ನಂಬರುಗಳೇ ಇರುತ್ತವೆ. ಗಾಡಿ ಅಪ್ಪನ ಹೆಸರಿನಲ್ಲಿದ್ದು ಅವರು ಈಗ ಇಲ್ಲವಾದರೆ ಹೆಸರು ಬದಲಾಯಿಸಿಕೊಳ್ಳಲು ಫಾರಂ 31. ಮಾಮೂಲಿ ಮಾರಾಟವಾದರೆ 29 ಮತ್ತು 30. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣಕ್ಕೆ ಫಾರಂ 25. ನವೀಕರಣ ಆದ ಮೇಲೆ ಐದು ವರ್ಷ ನಡೆಯುತ್ತದೆ. ಹಸಿರು ತೆರಿಗೆ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಇವೂ ಬೇಕು.

ವಿಂಟೇಜ್ ಅಂತ ನೋಂದಾಯಿಸುವ ದಾರಿ ಕೂಡ 2021ರ ಕೇಂದ್ರ ನಿಯಮಗಳಿಂದ ಸಿಕ್ಕಿದೆ. ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪ ಉಳಿದಿರಬೇಕು. ಕೇಳಲು ಚೆನ್ನಾಗಿದೆ, ಆದರೆ ಅಂಥ ಗಾಡಿಯನ್ನು ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿ ಟಿಫನ್ ಮಾಡಿ ಬರುವ ಆಸೆಯಿದ್ದರೆ ಮಾಮೂಲಿ ಆರ್‌ಸಿಯೇ ವಾಸಿ.

ಬಿಚ್ಚುವುದು ಸುಲಭ, ಅಲ್ವಾ?

ಸುಲಭವೇ. ಆರು ತಿಂಗಳಾದ ಮೇಲೆ ಆ ವಾಷರ್ ಎಲ್ಲಿಯದು ಎಂದು ನೆನಪಿಸಿಕೊಳ್ಳುವುದು ಕಷ್ಟ. ಹಾಗಾಗಿ ಪ್ರತಿ ಭಾಗ ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆಯಿರಿ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಸಾಧ್ಯವಾದಷ್ಟೂ ಅದೇ ಜಾಗಕ್ಕೆ ಬೆರಳಲ್ಲಿ ತಿರುಗಿಸಿ ಬಿಡಿ. ಆಗದಿದ್ದರೆ ಜಿಪ್ ಕವರಿನಲ್ಲಿ ಹಾಕಿ, ಒಳಗೊಂದು ಚೀಟಿ ಬರೆದಿಡಿ. ಕವರಿನ ಮೇಲೆ ಬರೆದರೆ ಗ್ರೀಸಿನ ಕೈಗೆ ಅಳಿಸಿಹೋಗುತ್ತದೆ.

ತುಕ್ಕು ಹಿಡಿದ ನಟ್ಟಿಗೆ ಜೋರು ಮಾಡಬೇಡಿ. ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೆಳಿಗ್ಗೆ ರಿಂಗ್ ಸ್ಪ್ಯಾನರ್ ಹಾಕಿ. ಅಡ್ಜಸ್ಟಬಲ್ ಸ್ಪ್ಯಾನರ್, ಕಟಿಂಗ್ ಪ್ಲೇಯರ್ ನಟ್ಟಿನ ಮೂಲೆಗಳನ್ನು ಸವೆಸುತ್ತವೆ. ಕ್ಲಚ್ಚಿಗೂ ಡೈನಮೋಗೂ ಸರಿಯಾದ ಪುಲ್ಲರ್ (ಭಾಗವನ್ನು ಎಳೆದು ಬಿಡಿಸುವ ಸಾಧನ) ಬೇಕು. ಉಳಿ, ಸುತ್ತಿಗೆ ಹಿಡಿದು ಮುಂದೆ ಬರುವ ಮೆಕ್ಯಾನಿಕ್‌ಗೆ ಒಂದು ಟೀ ಕುಡಿಸಿ ಕಳಿಸಿಕೊಡಿ.

ಎಂಜಿನ್ ಜಾಮ್ ಆಗಿದ್ದರೆ ಕಿಕ್ಕರ್ ಮೇಲೆ ಹತ್ತಿ ನಿಲ್ಲಬೇಡಿ. ಪ್ಲಗ್ ತೆಗೆದು ಆ ತೂತಿನಲ್ಲಿ ಸ್ವಲ್ಪ ಡೀಸೆಲ್ಲೂ ಟೂ-ಟಿ (ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ) ಎಣ್ಣೆಯೂ ಸುರಿದು ನಾಲ್ಕೈದು ದಿನ ಬಿಡಿ. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ನಿಧಾನಕ್ಕೆ ಬಿಡುತ್ತದೆ. ಬಿಡಲಿಲ್ಲವೆಂದರೆ ಹೇಗಿದ್ದರೂ ಹೆಡ್ ಬಿಚ್ಚಲೇಬೇಕು.

ಎಂಜಿನ್: ದುಡ್ಡು ಹೋಗಬೇಕಾದ ಜಾಗ

ಇದು 250 ಸಿಸಿ ವರ್ಗದ ಟೂ-ಸ್ಟ್ರೋಕ್. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಬೋರ್ (ಸಿಲಿಂಡರಿನ ಒಳ ಅಗಲ) 65 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75. ವಾಲ್ವ್ ಇಲ್ಲ, ಟೈಮಿಂಗ್ ಚೈನ್ ಇಲ್ಲ, ಆಯಿಲ್ ಪಂಪ್ ಇಲ್ಲ. ಹವ್ಯಾಸಿಗಳಿಗೆ ಇದಕ್ಕಿಂತ ಒಳ್ಳೆಯ ಎಂಜಿನ್ ಸಿಗುವುದು ಕಷ್ಟ.

ಟೂ-ಸ್ಟ್ರೋಕ್‌ನಲ್ಲಿ ಕೆಳಗಿನ ಕ್ರ್ಯಾಂಕ್‌ಕೇಸೇ ಪಂಪು. ಪಿಸ್ಟನ್ ಮೇಲೆ ಹೋದಾಗ ಪೆಟ್ರೋಲು, ಎಣ್ಣೆ, ಗಾಳಿಯ ಮಿಶ್ರಣವನ್ನು ಒಳಕ್ಕೆ ಎಳೆಯುತ್ತದೆ. ಕೆಳಗೆ ಬಂದಾಗ ಅದನ್ನೇ ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. ಹಾಗಾಗಿ ಕೇಸಿನಲ್ಲಿ ಎಲ್ಲೂ ಗಾಳಿ ಸೋರುವಂತಿಲ್ಲ. ಆ ಕೆಲಸ ಕ್ರ್ಯಾಂಕಿನ ಎರಡೂ ತುದಿಯಲ್ಲಿರುವ ರಬ್ಬರ್ ಆಯಿಲ್ ಸೀಲುಗಳದ್ದು. ಇಪ್ಪತ್ತು ವರ್ಷ ನಿಂತ ಗಾಡಿಯಲ್ಲಿ ಇವು ಕಲ್ಲಾಗಿರುತ್ತವೆ.

ಯಾವ ಕಡೆಯ ಸೀಲ್ ಹೋಗಿದೆ ಅಂತ ಬಿಚ್ಚದೆಯೇ ಅಂದಾಜು ಮಾಡಬಹುದು. ಎಡಗಡೆ, ಅಂದರೆ ಕ್ಲಚ್ ಕಡೆಯದು ಹೋಗಿದ್ದರೆ ಎಂಜಿನ್ ಗೇರ್‌ಬಾಕ್ಸಿನ ಎಣ್ಣೆಯನ್ನೇ ಹೀರಿ ಸುಡುತ್ತದೆ. ಬೀದಿ ತುಂಬ ಬಿಳಿ ಹೊಗೆ, ಪ್ಲಗ್ ಪದೇ ಪದೇ ಒದ್ದೆ, ಗೇರ್ ಆಯಿಲ್ ದಿನಾ ಇಳಿಯುತ್ತದೆ. ಬಲಗಡೆ, ಡೈನಮೋ ಕಡೆಯದು ಹೋಗಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಆಗ ಎಂಜಿನ್ ಕಾರಣವಿಲ್ಲದೆ ರೇಸ್ ಆಗುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ. ಹಾಗೇ ಓಡಿಸಿದರೆ ಬಿಸಿಯೇರಿ ಸೀಜ್ ಆಗುತ್ತದೆ. ಎಷ್ಟೋ ಜನ ಇದಕ್ಕೆ ಕಾರ್ಬುರೇಟರ್ ಟ್ಯೂನಿಂಗ್ ಮಾಡಿಸಿ ಮಾಡಿಸಿ ಸುಸ್ತಾಗುತ್ತಾರೆ. ಸೀಲು ಎರಡನ್ನೂ ಬದಲಿಸಿ. ಎಂಜಿನ್ ಹೇಗೂ ಎರಡು ಹೋಳಾಗಿದೆ, ಬೇರಿಂಗೂ ಹೊಸದು ಹಾಕಿಬಿಡಿ. ಆಗ ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಕಟಕಟ ಅಂದರೆ ರಾಡ್ ಕಿಟ್ ಹಾಕಿಸಿ, ಒಳ್ಳೆಯ ಲೇತಿನವರ ಹತ್ತಿರ ಕ್ರ್ಯಾಂಕ್ ಓರೆಯಿಲ್ಲದೆ ತಿರುಗುವಂತೆ ಸೆಂಟರ್ ಮಾಡಿಸಬೇಕು. ಇದು ಮನೆಯಲ್ಲಿ ಆಗುವ ಕೆಲಸವಲ್ಲ.

ಸಿಲಿಂಡರ್ ಗೋಡೆಯಲ್ಲಿ ಗೆರೆ ಬಿದ್ದಿದ್ದರೆ ಬೋರಿಂಗ್, ಅಂದರೆ ಒಳಗೋಡೆ ಕೊರೆಸಿ ನಯ ಮಾಡಿಸಬೇಕು. ಹೊಸ ಓವರ್‌ಸೈಜ್ ಪಿಸ್ಟನ್ ಕೈಯಲ್ಲಿಟ್ಟುಕೊಂಡೇ ಬೋರಿಂಗ್ ಅಂಗಡಿಗೆ ಹೋಗಿ. ಪಿಸ್ಟನ್ ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಬೇಕೇ ಹೊರತು, ಡಬ್ಬಿಯ ಮೇಲಿನ ಸೈಜ್ ನೋಡಿಕೊಂಡಲ್ಲ. ಬೋರ್ ಆಗಿ ಬಂದ ಸಿಲಿಂಡರಿನ ಪೋರ್ಟುಗಳ (ಗೋಡೆಯಲ್ಲಿರುವ ಕಿಂಡಿಗಳ) ಅಂಚಿನ ಮೇಲೆ ಬೆರಳಾಡಿಸಿ. ಬ್ಲೇಡಿನ ಹಾಗೆ ಚೂಪಾಗಿರುತ್ತದೆ. ಆ ಅಂಚನ್ನು ನಯವಾಗಿ ಉಜ್ಜಿ ಮೊಂಡು ಮಾಡಲೇಬೇಕು. ಇಲ್ಲದಿದ್ದರೆ ಪಿಸ್ಟನ್ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತದೆ. ಹಾಗೆಯೇ ರಿಂಗ್ ಕೂರಿಸುವಾಗ ಅದರ ಬಾಯಿ ಪಿಸ್ಟನ್ನಿನ ಸಣ್ಣ ಪಿನ್ನಿಗೇ ಬಂದು ಕೂರಬೇಕು. ರಿಂಗ್ ತಿರುಗದಂತೆ ತಡೆಯಲೆಂದೇ ಆ ಪಿನ್ ಇರುವುದು.

ಬಿಡಿಭಾಗಕ್ಕೆ ಬೆಂಗಳೂರಾದರೆ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರದ ಗುಜರಿ. ಮೈಸೂರಿನಲ್ಲಿ ಹಳೆ ಮೆಕ್ಯಾನಿಕ್‌ಗಳನ್ನೇ ಕೇಳಿ. ಅವರ ಅಟ್ಟದ ಮೇಲೆ ಏನಾದರೂ ಇದ್ದೇ ಇರುತ್ತದೆ. ಹಳೆ ಸ್ಟಾಕ್ ಪಿಸ್ಟನ್ ಸಿಕ್ಕರೆ ಬಿಡಬೇಡಿ, ಆದರೆ ಹಳೆ ಸ್ಟಾಕ್ ರಬ್ಬರ್ ಮಾತ್ರ ಬೇಡವೇ ಬೇಡ. ಅದು ಡಬ್ಬಿಯಲ್ಲೇ ಮುಪ್ಪಾಗಿರುತ್ತದೆ. 2018ರಲ್ಲಿ ಮತ್ತೆ ಬಂದ ಜಾವಾದ ಭಾಗಗಳು ಇದಕ್ಕೆ ಆಗಿಬರುವುದಿಲ್ಲ. ಅದು ಫೋರ್-ಸ್ಟ್ರೋಕ್, ಹೆಸರೊಂದೇ ಸಮಾನ.

ಟ್ಯಾಂಕು, ಪೆಟ್ರೋಲು

ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿ. ತುಕ್ಕಿದ್ದರೆ ಒಂದು ಹಿಡಿ ಸಣ್ಣ ನಟ್ಟುಗಳನ್ನು ಹಾಕಿ, ನೀರೂ ಸೋಪೂ ಸೇರಿಸಿ ಚೆನ್ನಾಗಿ ಕುಲುಕಿ. ಹಾಕಿದ ನಟ್ಟುಗಳನ್ನು ಎಣಿಸಿಟ್ಟುಕೊಳ್ಳಿ, ಅಷ್ಟೇ ಹೊರಗೆ ಬರಬೇಕು. ಆಮೇಲೆ ವಿನೆಗರ್ ತುಂಬಿ ಒಂದೆರಡು ದಿನ ಬಿಟ್ಟು, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ. ಒಣಗಿದ ತಕ್ಷಣ ಒಳಗೆ ಟೂ-ಟಿ ಎಣ್ಣೆ ಆಡಿಸದಿದ್ದರೆ ಸಂಜೆಗೆ ಮತ್ತೆ ತುಕ್ಕು. ತೂತಿದ್ದರೆ ವೆಲ್ಡಿಂಗ್ ಅಂಗಡಿಗೆ ಸುಮ್ನೆ ತೆಗೆದುಕೊಂಡು ಹೋಗಬೇಡಿ. ಖಾಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಆವಿ ಇರುತ್ತದೆ, ಸಿಡಿಯುತ್ತದೆ. ಟ್ಯಾಂಕ್ ಕೆಲಸವನ್ನೇ ಮಾಡುವವರಿಗೆ ಕೊಡಿ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಅದು ಹಳೆ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಪೈಪು, ಪೆಟ್ರೋಲ್ ಕಾಕಿನ ವಾಷರ್ ಎಥನಾಲ್ ತಡೆಯುವಂಥದ್ದು ಹಾಕಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ. ಕಾರ್ಬುರೇಟರಿನ ಜೆಟ್ಟಿಗೆ ಕಬ್ಬಿಣದ ತಂತಿ ತೂರಿಸಬೇಡಿ. ಹಿತ್ತಾಳೆಯ ತೂತು ಒಂದಿಷ್ಟು ದೊಡ್ಡದಾದರೂ ಮೈಲೇಜು ಹೋಯಿತು. ಗಾಳಿ ಹೊಡೆಸಿದರೆ ಸಾಕು.

ವೈರಿಂಗ್, ಬ್ರೇಕ್

ಹಳೆ ಗಾಡಿಗಳದ್ದು 6 ವೋಲ್ಟ್. ಹೆಡ್‌ಲೈಟ್ ಮಿಣಮಿಣ ಅನ್ನುವುದಕ್ಕೆ ಎಲ್ಲರೂ ಡೈನಮೋವನ್ನು ಬೈಯುತ್ತಾರೆ. ಬಹಳ ಸಲ ತಪ್ಪು ಅರ್ಥಿಂಗಿನದ್ದು. ತುಕ್ಕು, ಪೇಂಟ್ ಉಜ್ಜಿ ಬರೀ ಲೋಹಕ್ಕೆ ಅರ್ಥ್ ಕೊಡಿ, ತೇಪೆ ಹಾಕಿದ ವೈರ್ ಪೂರ್ತಿ ತೆಗೆದು ಹೊಸ ಹಾರ್ನೆಸ್ ಎಳೆಯಿರಿ. ಪ್ಲಗ್ಗಿನ ಕಿಡಿಯ ಹೊತ್ತು ನಿರ್ಧರಿಸುವ ಪಾಯಿಂಟಿನ ಗ್ಯಾಪ್ 0.4 ಮಿಲಿಮೀಟರ್, ಫೀಲರ್ ಗೇಜಿನಲ್ಲೇ ನೋಡಿ. ಈ ಗಾಡಿಗಳ ಇಗ್ನಿಷನ್ ಬ್ಯಾಟರಿಯಿಂದಲೇ ನಡೆಯುವುದರಿಂದ ಸತ್ತ ಬ್ಯಾಟರಿ ಇಟ್ಟುಕೊಂಡು ಕಿಕ್ ಹೊಡೆಯುವುದು ವ್ಯರ್ಥ.

ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಬಾಯಲ್ಲಿ ಊದಬೇಡಿ. ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಹೊಸ ಲೈನರ್, ಹೊಸ ಕೇಬಲ್. ಇಲ್ಲಿ ಉಳಿತಾಯ ಮಾಡಬೇಡಿ.

ಮಾಡಿಫಿಕೇಶನ್ ಎಲ್ಲಿಯವರೆಗೆ?

ನನ್ನ ಅಳತೆಗೋಲು ಒಂದೇ. ಬೇಡ ಅನ್ನಿಸಿದಾಗ ಒಂದು ಮಧ್ಯಾಹ್ನದಲ್ಲಿ ಹಳೇ ಸ್ಥಿತಿಗೆ ತರಲು ಆಗುವಂಥದ್ದಾದರೆ ಮಾಡಿ. 12 ವೋಲ್ಟ್ ಕಿಟ್, ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ಒಳ್ಳೆಯ ಬಲ್ಬ್ ಇವೆಲ್ಲ ಆ ಲೆಕ್ಕಕ್ಕೆ ಬರುತ್ತವೆ. ತೆಗೆದ ಹಳೆಯ ಭಾಗಗಳನ್ನು ಡಬ್ಬಿಯಲ್ಲಿ ಜೋಪಾನ ಮಾಡಿ.

ಫ್ರೇಮ್ ಕೊಯ್ಯುವುದು, ಹಿಂದಿನ ಮಡ್‌ಗಾರ್ಡ್ ಕತ್ತರಿಸಿ 'ಬಾಬರ್' ಮಾಡುವುದು ಬೇಡ. ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಕಾನೂನು ಪಕ್ಕಕ್ಕಿಡಿ, ಇಂಥ ಫ್ರೇಮು ಇನ್ನು ಹೊಸದಾಗಿ ಬರುವುದಿಲ್ಲ. ಬಣ್ಣ ಬೇರೆ ಮಾಡಿಸುವುದಾದರೂ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಿಕೊಳ್ಳಿ.

ಸೈಲೆನ್ಸರಿನ ಬ್ಯಾಫಲ್ (ಸದ್ದು ತಗ್ಗಿಸುವ ಒಳಕೊಳವೆ) ಕಿತ್ತರೆ ಪಿಕಪ್ ಜಾಸ್ತಿ ಆಗುತ್ತದೆ ಅನ್ನುವವರಿದ್ದಾರೆ. ಜಾಸ್ತಿಯಾಗುವುದು ಸದ್ದು ಮಾತ್ರ. ಟೂ-ಸ್ಟ್ರೋಕ್‌ನಲ್ಲಿ ಸುಡದ ಮಿಶ್ರಣ ಹೊರಗೆ ಓಡಿಹೋಗದಂತೆ ತಡೆಯುವುದೇ ಸೈಲೆನ್ಸರಿನಿಂದ ಮರಳುವ ಒತ್ತಡ. ಬ್ಯಾಫಲ್ ಹೋದರೆ ಕಡಿಮೆ ಸ್ಪೀಡಿನ ಎಳೆತ ಹೋಗುತ್ತದೆ, ಪೊಲೀಸರೂ ಹಿಡಿಯುತ್ತಾರೆ. ಅದರ ಬದಲು ಬ್ಯಾಫಲ್ ಹೊರಗೆಳೆದು ಕಟ್ಟಿರುವ ಮಸಿ ಕೆರೆದು, ಮತ್ತೆ ಹಾಕಿ. ಪಿಕಪ್ ತಾನೇ ಬರುತ್ತದೆ.

ಮೊದಲ ಕಿಕ್

ಬಣ್ಣಕ್ಕೆ ಕೊಡುವ ಮೊದಲೇ ಎಲ್ಲವನ್ನೂ ಒಮ್ಮೆ ಜೋಡಿಸಿ ಸ್ಟಾರ್ಟ್ ಮಾಡಿ. ಸೋರಿಕೆ, ಸದ್ದು ಎಲ್ಲ ಈಗಲೇ ಗೊತ್ತಾಗಲಿ. ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಟೂ-ಟಿ ಎಣ್ಣೆ, ಹೊಸ ಬೋರ್ ಆಗಿದ್ದರೆ 50. ಬೇರೆ ಕ್ಯಾನಿನಲ್ಲಿ ಬೆರೆಸಿಕೊಂಡು ಟ್ಯಾಂಕಿಗೆ ಸುರಿಯಿರಿ. ಕಾರ್ಬುರೇಟರ್ ಮೇಲಿನ ಟಿಕ್ಲರ್ ಗುಂಡಿ ಒತ್ತಿ ಹಿಡಿಯಿರಿ, ಪೆಟ್ರೋಲ್ ಹನಿಯುವ ತನಕ. ಕೀ ಹಾಕದೆ ಒಂದೆರಡು ಸಲ ಕಿಕ್ ಮಾಡಿ, ಆಮೇಲೆ ಕೀ. ಹೊಸಬರಿಗೆ ಒಂದು ಮಾತು: ಎಡಗಡೆಯ ಗೇರ್ ಲಿವರೇ ಮೇಲಕ್ಕೆ ಮಡಿಸಿದರೆ ಕಿಕ್ಕರ್. ಆ ಲಿವರ್ ಒತ್ತಿದರೆ ಕ್ಲಚ್ಚು ತಾನೇ ಬಿಡುತ್ತದೆ, ಹಾಗಾಗಿ ಕೈ ಕ್ಲಚ್ ಇಲ್ಲದೆಯೂ ಗೇರ್ ಹಾಕಬಹುದು.

ಎಲ್ಲ ಸರಿ ಅನ್ನಿಸಿದ ಮೇಲೆ ಮತ್ತೆ ಬಿಚ್ಚಿ ಬಣ್ಣಕ್ಕೆ ಕೊಡಿ. ಪುಟ್ಟಿ ಕಡಿಮೆ, ಟಿಂಕರಿಂಗ್ ಜಾಸ್ತಿ ಇರಲಿ. ಕ್ರೋಮಿಗೆ ಕೊಡುವ ಮುಂಚೆ ಪ್ರತಿ ಭಾಗದ ಫೋಟೋ, ಪಟ್ಟಿ ಇಟ್ಟುಕೊಳ್ಳಿ, ಪ್ಲೇಟಿಂಗ್ ಅಂಗಡಿಗಳಲ್ಲಿ ಸಾಮಾನು ಅದಲು ಬದಲಾಗುತ್ತದೆ. ಟ್ಯಾಂಕಿನ ಚಿನ್ನದ ಬಣ್ಣದ ಗೆರೆಗೆ ಸ್ಟಿಕ್ಕರ್ ಅಂಟಿಸಬೇಡಿ. ಬೋರ್ಡ್ ಬರೆಯುವ ಹಳೆ ಪೇಂಟರ್ ಯಾರಾದರೂ ಇನ್ನೂ ಇದ್ದರೆ ಹುಡುಕಿ. ಉದ್ದ ಕೂದಲಿನ ಬ್ರಷ್ ಎನಾಮಲ್‌ನಲ್ಲಿ ಅದ್ದಿ, ಕಿರುಬೆರಳನ್ನು ಟ್ಯಾಂಕಿನ ಅಂಚಿಗೆ ಊರಿಕೊಂಡು, ಉಸಿರು ಹಿಡಿದು ಒಂದೇ ಎಳೆತಕ್ಕೆ ಅವರು ಎಳೆಯುವ ಗೆರೆ ಯಾವ ಸ್ಟಿಕ್ಕರಿಗೂ ಬರುವುದಿಲ್ಲ.

ಹೊಸ ಬೋರಿನ ಮೊದಲ 500 ಕಿಲೋಮೀಟರ್ ಅರ್ಧಕ್ಕಿಂತ ಜಾಸ್ತಿ ಆಕ್ಸಿಲರೇಟರ್ ಕೊಡಬೇಡಿ. ಒಂದೇ ಸ್ಪೀಡಿನಲ್ಲಿ ಉದ್ದಕ್ಕೂ ಎಳೆಯಬೇಡಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲಿ ಇಳಿದರೆ ಎಂಜಿನ್ನಿಗೆ ಎಣ್ಣೆಯೂ ನಿಲ್ಲುತ್ತದೆ, ಆಗಾಗ ಸ್ವಲ್ಪ ಕೊಡುತ್ತಿರಿ. ಎಂಜಿನ್ ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಮತ್ತೊಮ್ಮೆ ಟೈಟ್ ಮಾಡಿ, ಪ್ಲಗ್ ಬಿಚ್ಚಿ ನೋಡಿ. ಕಾಫಿಪುಡಿ ಬಣ್ಣವಿದ್ದರೆ ಸರಿಯಾಗಿದೆ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಓಡಿಸುವುದನ್ನು ನಿಲ್ಲಿಸಿ ಮೊದಲು ಅದನ್ನು ಹುಡುಕಿ.