ಪ್ಲಾಸ್ಮಾ ಹೊತ್ತಿಸುವ ಮೊದಲಿನ ಹನ್ನೊಂದು ದಿನ

ಜೂನ್ ಮೊದಲ ವಾರ ಲ್ಯಾಬ್ ಬಾಗಿಲು ತೆಗೆದಾಗ ನಮ್ಮ ವ್ಯಾಕ್ಯೂಮ್ ಛೇಂಬರಿನ ಮುಚ್ಚಳ ಪಕ್ಕದ ಟೇಬಲ್ ಮೇಲಿತ್ತು. ಗಾಳಿ ತೆಗೆದು ಒಳಗೆ ನಿರ್ವಾತ ಮಾಡುವ ಪಾತ್ರೆ ಅದು. ಏಪ್ರಿಲ್‌ನಲ್ಲಿ ಪ್ಲಾಸ್ಮಾ ಅಳೆಯುವ ಪ್ರೋಬ್ ಬದಲಿಸಲು ಬಿಚ್ಚಿದ್ದೆವು. ಆಮೇಲೆ ಪರೀಕ್ಷೆ ಬಂತು, ರಜೆ ಬಂತು, ಅದು ಹಾಗೇ ಉಳಿಯಿತು. ಎರಡು ತಿಂಗಳು ಛೇಂಬರಿನ ಒಳಗೋಡೆ ದಾವಣಗೆರೆಯ ಗಾಳಿಗೆ ತೆರೆದಿತ್ತು. ಹೊರಗೆ ಮಳೆ ಹಿಡಿದಿತ್ತು. ಹೊಸ ಬ್ಯಾಚ್ ವಿದ್ಯಾರ್ಥಿಗಳು ಬಂದು ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಪ್ಲಾಸ್ಮಾ ಯಾವಾಗ ತೋರಿಸ್ತೀರಿ?" ಪ್ಲಾಸ್ಮಾ ಎಂದರೆ ಅಣುಗಳಿಂದ ಎಲೆಕ್ಟ್ರಾನ್ ಕಳಚಿಕೊಂಡು ಹೊಳೆಯುವ ಅನಿಲ.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮದು ಸುಮಾರು 30 ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆ, ಗಾಳಿ ಎಳೆಯುವ ಒಂದು ರೋಟರಿ ಪಂಪ್, ಒತ್ತಡ ಅಳೆಯುವ ಒಂದು ಪಿರಾನಿ ಗೇಜ್, ಒಂದು ಹೈ ವೋಲ್ಟೇಜ್ ಸಪ್ಲೈ. ಅಷ್ಟೇ. ಆದರೆ ಇದನ್ನು ಸಿದ್ಧ ಮಾಡುವ ಕ್ರಮವನ್ನು ನಾನು ಕಲಿತದ್ದು ದೊಡ್ಡ ಯಂತ್ರದ ಜೊತೆ ಕೆಲಸ ಮಾಡುವವರಿಂದ. ಗಾಂಧಿನಗರದ ಹತ್ತಿರ ಭಾಟ್ ಎಂಬಲ್ಲಿ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ಆದಿತ್ಯ ಟೋಕಮಾಕ್‌ನಲ್ಲಿ ಮೊದಲ ಪ್ಲಾಸ್ಮಾ ಹೊತ್ತಿದ್ದು 1989ರಲ್ಲಿ. ಈಗ ಅದು ಹೊಸ ರೂಪದಲ್ಲಿ ಆದಿತ್ಯ-ಯು ಆಗಿದೆ. ಟೋಕಮಾಕ್ ಎಂದರೆ ಉದ್ದಿನವಡೆ ಆಕಾರದ ಟೊಳ್ಳು ಪಾತ್ರೆ. ಅದರೊಳಗೆ ಲಕ್ಷಾಂತರ ಡಿಗ್ರಿ ಬಿಸಿಯಾದ ಅನಿಲವನ್ನು, ಅಂದರೆ ಪ್ಲಾಸ್ಮಾವನ್ನು, ಕಾಂತಕ್ಷೇತ್ರದಿಂದ ಗೋಡೆಗೆ ತಾಗದಂತೆ ಹಿಡಿದಿಡುತ್ತಾರೆ.

ಪ್ರಯೋಗದ ಹೊಸ ಸರಣಿ ಶುರುವಾಗುವ ಮುಂಚೆ ಅವರು ವಾರಗಟ್ಟಲೆ ಗೋಡೆಗೇ ಕೆಲಸ ಮಾಡುತ್ತಾರೆ. ಯಾಕೆ ಅಂತ ನನಗೆ ಮನವರಿಕೆ ಆಗಿದ್ದು ಒಂದು ಸಣ್ಣ ಲೆಕ್ಕದಿಂದ. ಹಳೆಯ ಆದಿತ್ಯದ ಉಂಗುರದ ತ್ರಿಜ್ಯ 75 ಸೆಂಟಿಮೀಟರ್, ಅದರೊಳಗಿನ ಪ್ಲಾಸ್ಮಾದ ತ್ರಿಜ್ಯ 25 ಸೆಂಟಿಮೀಟರ್. ಪ್ಲಾಸ್ಮಾ ನಮ್ಮ ಗಾಳಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ತೆಳು. ಹಾಗಾಗಿ ಗೋಡೆಗೆ ನೀರಿನ ಅಣುಗಳ ಒಂದೇ ಒಂದು ಪದರ ಅಂಟಿದ್ದರೂ, ಆ ಅಣುಗಳ ಎಣಿಕೆ ಇಡೀ ಪ್ಲಾಸ್ಮಾದಲ್ಲಿರುವ ಕಣಗಳಿಗಿಂತ ಜಾಸ್ತಿ! ಬಿಸಿ ತಾಗಿ ಅದು ಉದುರಿದರೆ ಆಮ್ಲಜನಕ ಒಳಗೆ ಸೇರುತ್ತದೆ. ಅದು ಶಕ್ತಿಯನ್ನೆಲ್ಲ ಬೆಳಕಾಗಿ ಹೊರಗೆ ಚೆಲ್ಲುತ್ತದೆ, ಪ್ಲಾಸ್ಮಾ ತಣ್ಣಗಾಗುತ್ತದೆ. ಈ ಲೆಕ್ಕವನ್ನು ಬೋರ್ಡ್ ಮೇಲೆ ಮಾಡಿ ತೋರಿಸಿದ ಮೇಲೆ ವಿದ್ಯಾರ್ಥಿಗಳು "ಯಾವಾಗ" ಅಂತ ಕೇಳುವುದನ್ನು ನಿಲ್ಲಿಸಿದರು.

ಮೊದಲ ಎರಡು ದಿನ ಒರೆಸಿದ್ದೇ ಆಯಿತು. ಕೈಗವಸು ಇಲ್ಲದೆ ಒಳಗೆ ಯಾರೂ ಮುಟ್ಟಬಾರದು. ಬೆರಳಚ್ಚಿನ ಎಣ್ಣೆ ನಿರ್ವಾತದಲ್ಲಿ ದಿನಗಟ್ಟಲೆ ಆವಿಯಾಗುತ್ತಲೇ ಇರುತ್ತದೆ. ಮೊದಲು ಅಸಿಟೋನ್, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್. ಮುಚ್ಚಳದ ಸಂದಿಯಲ್ಲಿ ಗಾಳಿ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಕೂರುವ ತೋಡನ್ನು ಟಾರ್ಚ್ ಹಿಡಿದು ಸುತ್ತ ನೋಡಿದೆವು, ಗೀರು ಇರಲಿಲ್ಲ. ಮುಚ್ಚಳ ಕೂರಿಸಿ ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆವು. ಒಂದೇ ಕಡೆಯಿಂದ ಬಿಗಿ ಮಾಡಿದರೆ ಮುಚ್ಚಳ ಓರೆಯಾಗುತ್ತದೆ.

ಮೂರನೇ ದಿನ ಪಂಪ್ ಹಾಕಿದೆವು. ಗೇಜ್ 0.02 ಮಿಲಿಬಾರ್‌ಗೆ ಬಂದು ನಿಂತಿತು. ಹೋದ ವರ್ಷ ಇದೇ ಪಂಪ್ 0.01 ಮುಟ್ಟಿತ್ತು. ಸಂಜೆಯವರೆಗೆ ಕಾದರೂ ಇಳಿಯಲಿಲ್ಲ. "ಲೀಕ್ ಇದೆ ಮೇಡಂ, ಮತ್ತೆ ಬಿಚ್ಚೋಣ" ಅಂದರು ಹುಡುಗರು. ನಾನು ಬೇಡ ಅಂದೆ. ಬಿಚ್ಚುವುದು ಸುಲಭ. ಆದರೆ ಬಿಚ್ಚಿದ ಕೂಡಲೇ ಹೊಸ ಗಾಳಿ, ಹೊಸ ತೇವ ಒಳಗೆ ಬರುತ್ತದೆ, ಯಾವುದು ಕಾರಣ ಎಂಬ ಸುಳಿವೂ ಅಳಿಸಿ ಹೋಗುತ್ತದೆ.

ಈ ಹಂತಕ್ಕೆ ನನಗೆ ಅತಿ ಇಷ್ಟವಾದ ಒಂದು ಪರೀಕ್ಷೆ ಇದೆ. ದುಡ್ಡು ಖರ್ಚಿಲ್ಲ. ಪಂಪ್ ಕಡೆಯ ವಾಲ್ವ್ ಮುಚ್ಚಿ ಗಡಿಯಾರ ಹಿಡಿದು ಕೂರುವುದು, ನಿಮಿಷಕ್ಕೊಮ್ಮೆ ಗೇಜ್ ಓದಿ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡುವುದು. ಹೊರಗಿನ ಗಾಳಿ ತೂತಿನಿಂದ ಬರುತ್ತಿದ್ದರೆ ಅದು ಒಂದೇ ವೇಗದಲ್ಲಿ ಬರುತ್ತದೆ, ಗೆರೆ ನೇರವಾಗಿ ಏರುತ್ತದೆ. ಗೋಡೆಯೇ ತೇವ ಬಿಡುತ್ತಿದ್ದರೆ ಮೊದಲು ಜೋರಾಗಿ ಏರಿ ಆಮೇಲೆ ಬಾಗುತ್ತದೆ. ನಮ್ಮದು 0.02ರಿಂದ ಎರಡೇ ನಿಮಿಷದಲ್ಲಿ 0.05ಕ್ಕೆ ಬಂತು. ಹತ್ತು ನಿಮಿಷಕ್ಕೆ 0.08. ಗೆರೆ ಬಾಗಿತ್ತು. ಅಂದರೆ ಮುಖ್ಯ ತೊಂದರೆ ನೀರು.

ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಇದನ್ನು ವಿವರಿಸಲು ಕಷ್ಟವಿಲ್ಲ. ಚೀಲದ ಬಾಯಿ ಕಟ್ಟದೆ ಬಿಟ್ಟರೆ ಮಂಡಕ್ಕಿ ಮೆತ್ತಗಾಗುತ್ತದೆ. ಮತ್ತೆ ಗರಿಗರಿ ಮಾಡಲು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಆಡಿಸುತ್ತೇವೆ ಅಲ್ವಾ? ಟೋಕಮಾಕ್ ಪಾತ್ರೆಯನ್ನೂ ಹಾಗೆಯೇ ಬಿಸಿ ಮಾಡುತ್ತಾರೆ, ಪಂಪ್ ಓಡುತ್ತಿರುವಾಗಲೇ, ದಿನಗಟ್ಟಲೆ. ಅದರ ಒಳಗಿನ ಗ್ರಾಫೈಟ್ ಹಲಗೆಗಳಲ್ಲಿ ಸಣ್ಣ ಸಣ್ಣ ರಂಧ್ರ ಜಾಸ್ತಿ, ತೇವವನ್ನು ಮಂಡಕ್ಕಿಯಂತೆಯೇ ಹೀರುತ್ತವೆ. ನಮ್ಮ ಛೇಂಬರಿನಲ್ಲಿ ಗ್ರಾಫೈಟ್ ಇಲ್ಲ, ಪ್ರೋಬ್ ಹಿಡಿದಿರುವ ಸೆರಾಮಿಕ್ ತುಂಡುಗಳಿವೆ. ಹೀಟಿಂಗ್ ಟೇಪ್ ಸುತ್ತಿ 80 ಡಿಗ್ರಿಗೆ ಇಟ್ಟೆವು. ರಬ್ಬರ್ ಓ-ರಿಂಗ್ ಇರುವುದರಿಂದ ಅದಕ್ಕಿಂತ ಮೇಲೆ ಹೋಗಲು ನನಗೆ ಧೈರ್ಯವಿರಲಿಲ್ಲ.

ನಾಲ್ಕು ದಿನ ಬಿಸಿ ಮಾಡಿದೆವು. ಹಗಲು ಮಾತ್ರ. ರಾತ್ರಿ ಕರೆಂಟ್ ಹೋದಾಗ ನೋಡಲು ಯಾರೂ ಇಲ್ಲದಿದ್ದರೆ ಪಂಪಿನ ಎಣ್ಣೆ ಛೇಂಬರಿಗೆ ಹಿಮ್ಮುಖವಾಗಿ ನುಗ್ಗುವ ಅಪಾಯ ಇದೆ. ಅದಕ್ಕೇ ಸಂಜೆ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಪಂಪಿಗೆ ಮಾತ್ರ ಗಾಳಿ ಬಿಟ್ಟು ಮನೆಗೆ ಹೋಗುತ್ತಿದ್ದೆವು. ರಾತ್ರಿ ಒತ್ತಡ ಒಂದಿಷ್ಟು ಏರುತ್ತಿತ್ತು, ಬೆಳಿಗ್ಗೆ ಅದನ್ನು ಮತ್ತೆ ಇಳಿಸುವುದೇ ಮೊದಲ ಕೆಲಸ.

ಎಂಟನೇ ದಿನ ಪಾತ್ರೆ ಆರಿದ ಮೇಲೆ ಮತ್ತೆ ವಾಲ್ವ್ ಮುಚ್ಚಿ ಚುಕ್ಕೆ ಇಟ್ಟೆವು. 0.01ರಿಂದ ಹತ್ತು ನಿಮಿಷಕ್ಕೆ 0.03. ಏರಿಕೆ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಆದರೆ ನಾನು ನೋಡಿದ್ದು ಗೆರೆಯ ಆಕಾರವನ್ನು. ಈಗ ಅದು ಸ್ಕೇಲ್ ಇಟ್ಟು ಎಳೆದಷ್ಟು ನೇರ. ಲೀಕ್ ಇತ್ತು! ಮೊದಲ ದಿನದಿಂದಲೂ ಇತ್ತು. ನೀರು ಅದನ್ನು ಮರೆಮಾಡಿತ್ತು. ಹಳೆಯ ಗ್ರಾಫ್ ತೆಗೆದು ಪಕ್ಕದಲ್ಲಿಟ್ಟು ನೋಡಿದರೆ, ಬಾಗಿದ ಗೆರೆಯ ಬಾಲದಲ್ಲಿ ಹೆಚ್ಚುಕಡಿಮೆ ಇದೇ ಓರೆ ಕಾಣುತ್ತಿತ್ತು. ಹುಡುಗರ ಮಾತಿನಲ್ಲೂ ಸತ್ಯವಿತ್ತು, ಅದನ್ನು ಅವರಿಗೆ ಹೇಳಿದೆ.

ದೊಡ್ಡ ಯಂತ್ರಗಳಲ್ಲಿ ಇಂಥ ತೂತು ಹುಡುಕಲು ಹೀಲಿಯಂ ಬಳಸುತ್ತಾರೆ. ಹೊರಗಿನಿಂದ ಕೀಲುಗಳ ಮೇಲೆ ಸಣ್ಣಗೆ ಹೀಲಿಯಂ ಬಿಡುತ್ತಾರೆ, ಅದು ಒಳಗೆ ಬಂದರೆ ಡಿಟೆಕ್ಟರ್ ಹೇಳುತ್ತದೆ. ಯಾವಾಗಲೂ ಮೇಲಿನಿಂದ ಕೆಳಗೆ ಬರಬೇಕು. ಹೀಲಿಯಂ ಹಗುರ, ಕೆಳಗಿನಿಂದ ಶುರು ಮಾಡಿದರೆ ಅದು ಮೇಲೇರಿ ಬೇರೆ ಕೀಲಿನಿಂದ ಒಳಗೆ ಹೋಗಿ ದಾರಿ ತಪ್ಪಿಸುತ್ತದೆ. ನಮ್ಮ ಹತ್ತಿರ ಆ ಡಿಟೆಕ್ಟರ್ ಇಲ್ಲ. ಸಿರಿಂಜಿನಲ್ಲಿ ಅಸಿಟೋನ್ ತುಂಬಿ ಒಂದೊಂದು ಕೀಲಿಗೆ ಒಂದೊಂದು ಹನಿ ಬಿಟ್ಟೆವು. ಹೀಟರ್ ಬಿಚ್ಚಿ, ಹೈ ವೋಲ್ಟೇಜ್ ಪ್ಲಗ್ ಕಿತ್ತು, ಕಿಟಕಿ ತೆರೆದ ಮೇಲೆ ಮಾತ್ರ. ಅಸಿಟೋನ್ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ವಾಲ್ವ್ ಅರ್ಧ ಮುಚ್ಚಿ ಗೇಜ್ ನೋಡುತ್ತಾ ಹೋದೆವು. ಮೇಲ್ಮುಚ್ಚಳದ ಒಂದು ಜಾಗದಲ್ಲಿ ಹನಿ ಬಿದ್ದ ಕೂಡಲೇ ಮುಳ್ಳು ಜಿಗಿಯಿತು. ಒರೆಸಿ ಮತ್ತೆ ಹನಿ ಬಿಟ್ಟೆವು. ಮತ್ತೆ ಜಿಗಿಯಿತು.

ಬಿಚ್ಚಿದಾಗ ನಮಗೆ ಏನೂ ಕಾಣಲಿಲ್ಲ. ಕಂಡದ್ದು ನಮ್ಮ ಲ್ಯಾಬ್ ಅಟೆಂಡರ್ ಅಣ್ಣನಿಗೆ. ಅವರು ಚಿಕ್ಕ ವಯಸ್ಸಿನಲ್ಲಿ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ದುಡಿದವರು. ಓ-ರಿಂಗನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿ, "ಇಲ್ ನೋಡ್ರಿ ಮೇಡಂ, ನೂಲಿನ ಎಳಿ ಐತಿ" ಅಂದರು. ಓ-ರಿಂಗಿಗೆ ಅಡ್ಡಲಾಗಿ ಹತ್ತಿಯ ಒಂದೇ ಎಳೆ. ಒರೆಸಲು ನಾನೇ ಕೊಟ್ಟಿದ್ದ ಹತ್ತಿ ಬಟ್ಟೆಯದು. ರಬ್ಬರು ಎಷ್ಟೇ ಒತ್ತಿ ಕೂತರೂ ಎಳೆಯ ಎರಡೂ ಬದಿಯಲ್ಲಿ ಕಾಣದಷ್ಟು ಸಣ್ಣ ದಾರಿ ಉಳಿಯುತ್ತದೆ, ಗಾಳಿಗೆ ಅಷ್ಟು ಸಾಕು. ಎಳೆ ಬಿಡದ ಬಟ್ಟೆ ತರಿಸಿದೆ. ಈಗ ಓ-ರಿಂಗ್ ಹಾಕುವ ಮೊದಲು ಕೊನೆಯದಾಗಿ ನೋಡುವವರು ಅವರೇ.

ಮತ್ತೆರಡು ದಿನ ಪಂಪ್ ಮಾಡಿ ಬಿಸಿ ಮಾಡಿದೆವು. ಹನ್ನೊಂದನೇ ದಿನ ಸ್ವಲ್ಪ ಆರ್ಗಾನ್ ಅನಿಲ ಬಿಟ್ಟು, ಒತ್ತಡ 0.3 ಮಿಲಿಬಾರ್‌ಗೆ ನಿಲ್ಲಿಸಿ, ವೋಲ್ಟೇಜ್ ಏರಿಸಿದೆವು. ನೇರಳೆ ಬಣ್ಣದ ಬೆಳಕು ಹೊತ್ತಿತು. ವಿದ್ಯಾರ್ಥಿಗಳು ಚಪ್ಪಾಳೆ ಹೊಡೆದರು. ಪ್ರಯೋಗ ಇನ್ನೂ ಶುರುವಾಗಿರಲಿಲ್ಲ. ಇದು ಗೋಡೆ ತೊಳೆಯುವ ಹೊಳಪು. ಪ್ಲಾಸ್ಮಾದಲ್ಲಿನ ವಿದ್ಯುದಾವೇಶದ ಕಣಗಳಾದ ಅಯಾನುಗಳು ಗೋಡೆಗೆ ಬಡಿದು ಉಳಿದ ನೀರನ್ನು, ಎಣ್ಣೆಯನ್ನು ಎಬ್ಬಿಸುತ್ತವೆ, ಪಂಪ್ ಎಳೆದುಕೊಳ್ಳುತ್ತದೆ. ಟೋಕಮಾಕ್‌ಗಳಲ್ಲೂ ಹೈಡ್ರೋಜನ್ ಅಥವಾ ಹೀಲಿಯಂ ಬಳಸಿ ಇದನ್ನೇ ಮಾಡುತ್ತಾರೆ. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸಣ್ಣ ಸ್ಪೆಕ್ಟ್ರೋಮೀಟರನ್ನು ಗಾಜಿನ ಕಿಟಕಿಗೆ ಹಿಡಿದಾಗ ಆರ್ಗಾನಿನ ಗೆರೆಗಳ ನಡುವೆ 656 ನ್ಯಾನೋಮೀಟರಿನಲ್ಲಿ ಒಂದು ಕೆಂಪು ಗೆರೆ ಇತ್ತು. ಅದು ಹೈಡ್ರೋಜನ್ನಿನದು. ನಾವು ಹೈಡ್ರೋಜನ್ ಬಿಟ್ಟೇ ಇರಲಿಲ್ಲ, ಅದು ಒಡೆದ ನೀರಿನಿಂದ ಬಂದದ್ದು. ಕಾಲು ಗಂಟೆಗೊಮ್ಮೆ ಅದರ ಎತ್ತರ ಬರೆದುಕೊಂಡೆವು. ಮಧ್ಯಾಹ್ನ ಊಟದ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ. ನಾಲ್ಕು ಗಂಟೆಗೆ ಹುಡುಕಿ ನೋಡಬೇಕಿತ್ತು.

ಆಗ ಹೊಳಪು ಆರಿಸಿ, ಕೊನೆಯ ಸಲ ವಾಲ್ವ್ ಮುಚ್ಚಿದೆವು. ಒಬ್ಬ ವಿದ್ಯಾರ್ಥಿನಿ ಗಡಿಯಾರ ನೋಡಿದಳು, ಇನ್ನೊಬ್ಬ ಚುಕ್ಕೆ ಇಟ್ಟ. ಹತ್ತು ನಿಮಿಷಕ್ಕೆ ಏರಿದ್ದು 0.003. ದಪ್ಪ ರಟ್ಟಿನ ಲಾಗ್ ಪುಸ್ತಕದಲ್ಲಿ ಹೊಸ ಪುಟ ತೆಗೆದು ಆ ಸಂಖ್ಯೆ ಬರೆದು, ಕೆಳಗೆ ಎಲ್ಲರೂ ಸಹಿ ಹಾಕಿದರು. ಅಟೆಂಡರ್ ಅಣ್ಣನೂ ಹಾಕಿದರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಪ್ರೋಬಿಗೆ ವೋಲ್ಟೇಜ್ ಕೊಟ್ಟೆವು.