ರಾಡಾರ್ ಟ್ರ್ಯಾಕರನ್ನು ಒರೆಗೆ ಹಚ್ಚಿದ ಬಗೆ

ರಾಡಾರ್ ಅಳತೆಗಳಿಂದ ಗುರಿಯ ಪಥವನ್ನು ಅಂದಾಜಿಸುವ ತಂತ್ರಾಂಶವೇ ಟ್ರ್ಯಾಕರ್. ಅದು ಎಷ್ಟು ತಪ್ಪುತ್ತಿದೆ ಎಂದು ಹೇಳಬೇಕಾದರೆ ಗುರಿ ಆ ಕ್ಷಣ ಎಲ್ಲಿತ್ತು ಎಂಬುದು ಗೊತ್ತಿರಬೇಕು. ಹುಬ್ಬಳ್ಳಿಯ ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ರಾಡಾರ್ ಇಲ್ಲ, ಆದರೆ ತಲೆಯ ಮೇಲೆ ವಿಮಾನಗಳಿಗೆ ಕೊರತೆಯಿಲ್ಲ. ಅವು ತಮ್ಮ ಸ್ಥಾನವನ್ನು ಎಡಿಎಸ್-ಬಿ ಎಂಬ ರೇಡಿಯೋ ಪ್ರಸಾರ ವ್ಯವಸ್ಥೆಯ ಮೂಲಕ 1090 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು 2 ಬಾರಿ ಬಿತ್ತರಿಸುತ್ತವೆ. ಮಹಡಿಯ ಮೇಲೊಂದು ಆಂಟೆನಾ ನಿಲ್ಲಿಸಿ, ಯುಎಸ್‌ಬಿ ರಿಸೀವರ್‌ನಿಂದ ಆ ಪಥಗಳನ್ನು ದಾಖಲಿಸಿಕೊಂಡೆವು.

ಈ ಪಥಗಳ ಮೇಲೆ ದೂರದಲ್ಲಿ 50 ಮೀಟರ್, ಕೋನದಲ್ಲಿ 0.1 ಡಿಗ್ರಿ ಪ್ರಮಾಣ ವಿಚಲನೆಯ ದೋಷ ಬೆರೆಸಿ, 5 ಸೆಕೆಂಡಿಗೊಂದು ಸುತ್ತು ತಿರುಗುವ ರಾಡಾರ್‌ನ ಅಳತೆಗಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿದೆವು. 0.1 ಡಿಗ್ರಿ ಸಣ್ಣದೆನಿಸಬಹುದು. 100 ಕಿಲೋಮೀಟರ್ ದೂರದಲ್ಲಿ ಅದು ಅಡ್ಡಲಾಗಿ 175 ಮೀಟರ್. ಹೋಲಿಸುವಾಗ ಅಂದಾಜಿನ ಮತ್ತು ನಿಜ ಸ್ಥಾನದ ಸಮಯಗಳೂ ತಾಳೆಯಾಗಬೇಕು. ಸೆಕೆಂಡಿಗೆ 220 ಮೀಟರ್ ಹಾರುವ ವಿಮಾನದಲ್ಲಿ ಅರ್ಧ ಸೆಕೆಂಡ್ ಅತ್ತಿತ್ತಾದರೆ 110 ಮೀಟರ್ ದೋಷ ಸುಮ್ಮನೆ ಟ್ರ್ಯಾಕರ್‌ನ ಲೆಕ್ಕಕ್ಕೆ ಬೀಳುತ್ತದೆ.

ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಇಳಿಯಲು ಬಂದು ತಿರುಗುವ ವಿಮಾನಗಳೇ ನನಗೆ ಹೆಚ್ಚು ಕಲಿಸಿದವು. ಸಮವೇಗದ ನೇರ ಹಾರಾಟವನ್ನೇ ನಂಬಿ, ದೋಷವಿರುವ ಅಳತೆಗಳಿಂದ ಸ್ಥಾನ, ವೇಗ ಅಂದಾಜಿಸುವ ಕಾಲ್ಮನ್ ಫಿಲ್ಟರ್‌ನ ಫಲಿತಾಂಶ ನೋಡಿ ವಿದ್ಯಾರ್ಥಿಯೊಬ್ಬ, ‘ಸರ್, ಸರಾಸರಿ ದೋಷ ಕಡಿಮೆಯೇ ಇದೆಯಲ್ಲ?’ ಎಂದ. ಇತ್ತು, ನಿಜ. ಪಥದ ಬಹುಪಾಲು ನೇರವಾಗಿದ್ದುದರಿಂದ ತಿರುವಿನ ದೋಷ ಸರಾಸರಿಯಲ್ಲಿ ಅಡಗಿ ಕುಳಿತಿತ್ತು.

ಫಿಲ್ಟರ್ ತನ್ನ ಅಂದಾಜಿನ ಜೊತೆಗೆ ತಾನು ಎಷ್ಟು ತಪ್ಪಿರಬಹುದು ಎಂಬುದನ್ನೂ ಹೇಳುತ್ತದೆ. ಆ ಮಾತು ಎಷ್ಟು ಪ್ರಾಮಾಣಿಕ ಎಂದು, ನಿಜವಾದ ದೋಷವನ್ನು ಅದರೊಂದಿಗೆ ಹೋಲಿಸಿ ಅಳೆಯುವ ಸಂಖ್ಯೆ ಎನ್‌ಇಇಎಸ್. ಸ್ಥಾನ, ವೇಗ ಸೇರಿ 4 ಚರಗಳಿದ್ದರೆ, ಬೇರೆ ಬೇರೆ ಯಾದೃಚ್ಛಿಕ ದೋಷಗಳೊಂದಿಗೆ ಮತ್ತೆ ಮತ್ತೆ ಓಡಿಸಿ ತೆಗೆದ ಸರಾಸರಿ 4ರ ಆಸುಪಾಸಿನಲ್ಲಿರಬೇಕು. ನೇರ ಹಾರಾಟದಲ್ಲಿ ಹಾಗೆಯೇ ಇತ್ತು. ತಿರುವು ಬಂದೊಡನೆ ಗೆರೆ ನೆಟ್ಟಗೆ ಮೇಲೇರಿತು. ದಾರಿ ತಪ್ಪಿದ ಫಿಲ್ಟರ್ ಸರಿಯಾಗಿಯೇ ಇದ್ದೇನೆ ಎಂದು ನಂಬಿಕೊಂಡಿತ್ತು. ನನಗೆ ದೊಡ್ಡ ದೋಷಕ್ಕಿಂತ ಈ ಹುಸಿ ಆತ್ಮವಿಶ್ವಾಸವೇ ಅಪಾಯಕಾರಿ. ಪ್ರೊಸೆಸ್ ನಾಯ್ಸ್ (ಗುರಿ ಮಾದರಿಯಿಂದ ಎಷ್ಟು ಬೇರೆಯಾಗಿ ಚಲಿಸಬಹುದು ಎಂದು ಫಿಲ್ಟರ್‌ಗೆ ಕೊಡುವ ಅವಕಾಶ) ಹೆಚ್ಚಿಸಿದಾಗ ತಿರುವು ಸುಧಾರಿಸಿತು, ಆದರೆ ನೇರ ಹಾದಿಯಲ್ಲಿ ಅಂದಾಜು ಅಲುಗಾಡತೊಡಗಿ ಎನ್‌ಇಇಎಸ್ 4ಕ್ಕಿಂತ ಕೆಳಗಿಳಿಯಿತು. ಹಾಗಾಗಿ ನೇರಕ್ಕೊಂದು, ತಿರುವಿಗೊಂದು ಮಾದರಿಯನ್ನು ಜೊತೆಯಾಗಿ ಓಡಿಸುವ ಐಎಂಎಂ ಎಂಬ ವಿಧಾನಕ್ಕೆ ಹೋದೆವು.

ಹಲವು ವಿಮಾನಗಳಿದ್ದಾಗ 2008ರಲ್ಲಿ ಬಂದ ಓಸ್ಪಾ ಅಳತೆ ಉಪಯುಕ್ತ. ಸ್ಥಾನದ ದೋಷವನ್ನೂ ಕಳೆದುಹೋದ, ಹೆಚ್ಚುವರಿ ಟ್ರ್ಯಾಕ್‌ಗಳನ್ನೂ ಒಂದೇ ಸಂಖ್ಯೆಯಲ್ಲಿ ಕೊಡುತ್ತದೆ. ಆದರೆ ಎರಡು ವಿಮಾನಗಳ ಹಾದಿ ಕೂಡಿದಲ್ಲಿ ಟ್ರ್ಯಾಕ್‌ಗಳ ಗುರುತು ಅದಲುಬದಲಾದರೆ ಅದು ಮೂಲ ಓಸ್ಪಾಗೆ ತಿಳಿಯುವುದಿಲ್ಲ. ಅದಲುಬದಲುಗಳನ್ನು ನಾವು ಪ್ರತ್ಯೇಕವಾಗಿ ಎಣಿಸಿ, ಓಸ್ಪಾದ ಕಟ್-ಆಫ್ ದೂರದೊಂದಿಗೆ (ಒಂದು ಗುರಿಗೆ ಲೆಕ್ಕ ಹಿಡಿಯುವ ಗರಿಷ್ಠ ದೋಷ) ಅದೇ ಕೋಷ್ಟಕದಲ್ಲಿ ಬರೆಯುತ್ತೇವೆ.