ಎಡಕ್ಕೆ ಬಲವೇ ಸಾಕ್ಷಿ

ಹಳೆಯ ಆಂಪ್ಲಿಫೈಯರ್ ಆನ್ ಮಾಡಿ ನಾಲ್ಕೈದು ಸೆಕೆಂಡಾದ ಮೇಲೆ, ಸ್ಪೀಕರಿಗೆ ಸಂಪರ್ಕ ಕೊಡುವ ಒಳಗಿನ ರಿಲೇ ಟಕ್ಕೆಂದಿತು. ಮರುಕ್ಷಣವೇ ಎಡ ಸ್ಪೀಕರಿನಲ್ಲಿ ಚಟಪಟ ಸದ್ದು, ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದಂತೆ. ಬಲ ಸ್ಪೀಕರ್ ಮಾತ್ರ ಶಾಂತವಾಗಿತ್ತು. ಆ ಶಾಂತಿ ಕಂಡು ನನಗೆ ಧೈರ್ಯ ಬಂತು. ಸ್ಟೀರಿಯೊ ಆಂಪ್ಲಿಫೈಯರ್ ಎಂದರೆ ಒಂದೇ ಪೆಟ್ಟಿಗೆಯಲ್ಲಿರುವ ಎರಡು ಒಂದೇ ಬಗೆಯ ಯಂತ್ರಗಳು. ಒಂದು ಕೆಟ್ಟಾಗ ಅದು ಹೇಗಿರಬೇಕಿತ್ತು ಎಂಬುದನ್ನು ಇನ್ನೊಂದು ತೋರಿಸುತ್ತದೆ.

ಇದು ಎಪ್ಪತ್ತರ ದಶಕದ ಇಂಟಿಗ್ರೇಟೆಡ್ ಆಂಪ್ಲಿಫೈಯರ್. ಸೋದರಮಾವ ವರ್ಷಗಟ್ಟಲೆ ಕೇಳಿ, ಆಮೇಲೆ ಅಟ್ಟಕ್ಕೇರಿಸಿದ್ದರು. ಮುಚ್ಚಳ ತೆಗೆದರೆ ದಪ್ಪ ಟ್ರಾನ್ಸ್‌ಫಾರ್ಮರ್, ಬಿಸಿ ಹೊರಹಾಕುವ ಹೀಟ್ ಸಿಂಕಿಗೆ ಕೂರಿಸಿದ ನಾಲ್ಕು ಲೋಹದ ಟೋಪಿಯ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು, ಕೈಯಿಂದಲೇ ಕಟ್ಟಿದ ತಂತಿಗಳ ಹೊರೆ. ದುರಸ್ತಿಗೆ ಒಗ್ಗುವ ಯಂತ್ರ ಎಂದರೆ ಇದೇ: ಪ್ರತಿಯೊಂದು ಬಿಡಿಭಾಗವೂ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ.

ಅಟ್ಟದಿಂದ ಇಳಿಸಿದ ಹಳೆಯ ಆಂಪ್ಲಿಫೈಯರನ್ನು ನೇರವಾಗಿ ಪ್ಲಗ್ಗಿಗೆ ಹಾಕಬಾರದು. ನಾನು ಮೊದಲ ಸಲ ಆನ್ ಮಾಡಿದ್ದು 60 ವ್ಯಾಟಿನ ಹಳೆಯ ಬಗೆಯ ತಂತುದೀಪವನ್ನು ಸರಣಿಯಲ್ಲಿ ಜೋಡಿಸಿ. ಒಳಗೆಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತಲೇ ಇರುತ್ತದೆ, ಯಂತ್ರ ಉಳಿಯುತ್ತದೆ. ಇಲ್ಲಿ ಒಮ್ಮೆ ಬೆಳಗಿ, ಕೆಪಾಸಿಟರ್‌ಗಳು ತುಂಬಿದಂತೆ ಮಂಕಾಯಿತು. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ.

ವಾಲ್ಯೂಮ್ ಪೂರ್ತಿ ಇಳಿಸಿದರೂ ಚಟಪಟ ಕಡಿಮೆಯಾಗಲಿಲ್ಲ. ಎಂದರೆ ದೋಷ ವಾಲ್ಯೂಮ್ ಕಂಟ್ರೋಲ್ ದಾಟಿದ ಮೇಲೆ ಎಲ್ಲೋ ಇದೆ. ಆ ಕಾಲದ ಅನೇಕ ಆಂಪ್ಲಿಫೈಯರ್‌ಗಳ ಹಿಂಭಾಗದಲ್ಲಿ, ಸಂಕೇತವನ್ನು ಸಿದ್ಧಗೊಳಿಸುವ ಪ್ರೀಆಂಪ್ ಮತ್ತು ಸ್ಪೀಕರಿಗೆ ಶಕ್ತಿ ಕೊಡುವ ಪವರ್ ಆಂಪ್ ನಡುವೆ ಬಿಚ್ಚಬಹುದಾದ ಕೊಂಡಿಗಳಿರುತ್ತವೆ. ಇದರಲ್ಲೂ ಇದ್ದವು. ಸ್ವಿಚ್ ಆರಿಸಿ ಕೊಂಡಿಗಳನ್ನು ತೆಗೆದೆ. ಎರಡು ಕೇಬಲ್ ಬಳಸಿ ಎಡ ಪ್ರೀಆಂಪನ್ನು ಬಲ ಪವರ್ ಆಂಪಿಗೂ, ಬಲದ್ದನ್ನು ಎಡಕ್ಕೂ ಕೊಟ್ಟೆ. ಸದ್ದು ಎಡಗಡೆಯೇ ಉಳಿಯಿತು. ಒಂದೂ ಬೆಸುಗೆ ಬಿಚ್ಚದೆ ಅರ್ಧ ಆಂಪ್ಲಿಫೈಯರ್ ಅನುಮಾನದಿಂದ ಪಾರಾಯಿತು.

ಇನ್ನು ಅಳತೆಯ ಸರದಿ. ಸ್ಪೀಕರ್ ಬಿಚ್ಚಿ, ರಿಲೇಗೂ ಮುಂಚಿನ ಬಿಂದುವಿನಲ್ಲಿ ಡಿಸಿ ವೋಲ್ಟೇಜ್ ನೋಡಿದೆ, ಅದು ಸೊನ್ನೆಗೆ ಹತ್ತಿರವಿರಬೇಕು. ಬಲದಲ್ಲಿ 12 ಮಿಲಿವೋಲ್ಟ್, ಅಲುಗಾಟವಿಲ್ಲ. ಎಡದಲ್ಲಿ 60ರಿಂದ 85ರ ನಡುವೆ ಕುಣಿತ. 50 ಮಿಲಿವೋಲ್ಟಿನ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಇಲ್ಲಿ ಅಂಕಿಗಿಂತ ಆ ಕುಣಿತವೇ ಸುಳಿವು. ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಮಾಡಿ, ಪ್ರತಿ ಟ್ರಾನ್ಸಿಸ್ಟರಿನ ಮೂರೂ ಕಾಲುಗಳ ವೋಲ್ಟೇಜನ್ನು ಬಲ, ಎಡ ಎಂದು ಬರೆಯುತ್ತ ಹೋದೆ. ಇದಕ್ಕೆ ಒಂದು ಸಂಜೆಯೇ ಹಿಡಿಯಿತು. ಬೇಸರದ ಕೆಲಸವೆಂದು ಅನೇಕರು ಇದನ್ನು ಬಿಡುತ್ತಾರೆ. ಬಿಡಬೇಡಿ ಎಂದು ಕೈಮುಗಿದು ಹೇಳುತ್ತೇನೆ, ಕಾರಣ ಮುಂದೆ ಬರುತ್ತದೆ.

ಪವರ್ ಆಂಪಿನ ಬಾಗಿಲಲ್ಲೇ ಡಿಫರೆನ್ಷಿಯಲ್ ಜೋಡಿ ಎಂಬ ಎರಡು ಟ್ರಾನ್ಸಿಸ್ಟರ್‌ಗಳಿರುತ್ತವೆ. ಒಂದು ಟ್ರಾನ್ಸಿಸ್ಟರ್ ಒಳಬರುವ ಸಂಕೇತವನ್ನು ನೋಡಿದರೆ, ಇನ್ನೊಂದು ಔಟ್‌ಪುಟ್‌ನಿಂದ ಮರಳಿ ಬಂದದ್ದನ್ನು ನೋಡುತ್ತದೆ. ಈ ಜೋಡಿಯ ಸಣ್ಣ ಗೊಣಗಾಟವೂ ಮುಂದಿನ ಹಂತಗಳಲ್ಲಿ ದೊಡ್ಡದಾಗುತ್ತದೆ. ಇಲ್ಲಿದ್ದದ್ದು 2ಎಸ್‌ಎ726 ಎಂಬ ಟ್ರಾನ್ಸಿಸ್ಟರ್, ವಯಸ್ಸಾದಂತೆ ಸದ್ದು ಮಾಡುವುದಕ್ಕೆ ಹೆಸರಾದದ್ದು. ಭೂತಗನ್ನಡಿ ಹಿಡಿದರೆ ಅದರ ಬೆಳ್ಳಿಯಂಥ ಕಾಲುಗಳು ಇದ್ದಿಲಿನಂತೆ ಕಪ್ಪಾಗಿದ್ದವು. ತಣ್ಣಗಾಗಿಸುವ ಸ್ಪ್ರೇಯನ್ನು ಅದರ ಮೇಲೆ ಒಮ್ಮೆ ಹಾಯಿಸಿದೆ. ಮೀಟರಿನ ಕುಣಿತ ನಿಂತಿತು, ಬಿಸಿಯೇರುತ್ತಿದ್ದಂತೆ ಮತ್ತೆ ಶುರುವಾಯಿತು. ಕಳ್ಳ ಸಿಕ್ಕಿದ್ದ.

ಬದಲಿಗೆ ಕೆಎಸ್‌ಎ992 ಹಾಕಿದೆ. ಹತ್ತು ತರಿಸಿ, ಮಲ್ಟಿಮೀಟರಿನಲ್ಲಿ ಎಚ್‌ಎಫ್‌ಇ (ಟ್ರಾನ್ಸಿಸ್ಟರ್ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದು) ಅಳೆದು, ತೀರಾ ಹತ್ತಿರವಿದ್ದ ಎರಡನ್ನು ಆರಿಸಿ, ಎರಡರ ಬೆನ್ನಿಗೂ ಥರ್ಮಲ್ ಪೇಸ್ಟ್ ಸವರಿ ಒಂದೇ ಕೊಳವೆಯೊಳಗೆ ಕಟ್ಟಿದೆ. ಜೊತೆಯಾಗಿ ಬಿಸಿಯಾದರೆ ಜೊತೆಯಾಗಿಯೇ ವಾಲುತ್ತವೆ, ಸಮತೋಲ ಕೆಡುವುದಿಲ್ಲ. ಎಡದ ಡಿಸಿ 8 ಮಿಲಿವೋಲ್ಟಿಗೆ ಇಳಿದು ಅಲ್ಲೇ ನಿಂತಿತು.

ಹಳೆಯ ಆಂಪ್ಲಿಫೈಯರ್ ಕಂಡೊಡನೆ ಎಲ್ಲ ಕೆಪಾಸಿಟರ್‌ಗಳನ್ನೂ ಕಿತ್ತು ಹೊಸದು ಹಾಕುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಬಿಸಿ ರೆಸಿಸ್ಟರ್‌ಗಳ ಪಕ್ಕ ಒಣಗಿದ್ದ ಸಣ್ಣ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಬದಲಿಸಿದೆ. ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳನ್ನು ಅಳೆದು ನೋಡಿದೆ, ಗುಂಯ್ಗುಡುವಿಕೆಯೂ ಇರಲಿಲ್ಲ, ಹಾಗೇ ಬಿಟ್ಟೆ. ಅವುಗಳ ಬುಡಕ್ಕೆ ಹಾಕಿದ್ದ ಅಂಟು ಮಾತ್ರ ಕಂದು ಬಣ್ಣಕ್ಕೆ ತಿರುಗಿತ್ತು. ಈ ಅಂಟು ವಯಸ್ಸಾದಂತೆ ಪಕ್ಕದ ತಂತಿಯನ್ನು ತಿನ್ನುತ್ತದೆ, ವಿದ್ಯುತ್ತನ್ನೂ ಹರಿಸಬಲ್ಲದು. ಮರದ ಕಡ್ಡಿಯಿಂದ ಕೆರೆದು ತೆಗೆದೆ.

ಅನಾಹುತವಾದದ್ದು ಮರುದಿನ. ಬೈಯಾಸ್ (ಸಂಕೇತವಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹರಿಯುವ ಸಣ್ಣ ಕರೆಂಟ್) ಹೊಂದಿಸುವ ಮುನ್ನ ಬಲ ಚಾನೆಲ್ಲನ್ನು ಇನ್ನೊಮ್ಮೆ ನೋಡೋಣವೆಂದು ಔಟ್‌ಪುಟ್ ಟ್ರಾನ್ಸಿಸ್ಟರಿನ ಬೇಸ್ ಎಂಬ ಕಾಲಿಗೆ ಮೀಟರಿನ ಮೊನೆ ಇಟ್ಟಿದ್ದೆ. ಸರಣಿ ದೀಪ ತೆಗೆದಾಗಿತ್ತು. ಕೈ ಕೂದಲೆಳೆಯಷ್ಟು ಜಾರಿ ಮೊನೆ ಲೋಹದ ಕವಚಕ್ಕೆ ತಾಗಿತು. ಆ ಬಗೆಯ ಟ್ರಾನ್ಸಿಸ್ಟರಿನಲ್ಲಿ ಕವಚವೇ ಕಲೆಕ್ಟರ್, ಅಲ್ಲಿ 38 ವೋಲ್ಟ್. ಒಂದು ಕಿಡಿ, ಫ್ಯೂಸ್ ಹಾರಿತು. ಬಲದ ಔಟ್‌ಪುಟ್ ಜೋಡಿ, ಅದನ್ನು ನಡೆಸುವ ಒಂದು ಡ್ರೈವರ್ ಟ್ರಾನ್ಸಿಸ್ಟರ್, ಒಂದು 0.47 ಓಮ್ ರೆಸಿಸ್ಟರ್ ಎಲ್ಲ ಹೋದವು. ಇಷ್ಟು ದಿನ ದಾರಿ ತೋರಿಸಿದ ಚಾನೆಲ್ಲನ್ನು ನನ್ನ ಕೈಯಾರೆ ಸುಟ್ಟಿದ್ದೆ. ಬಹಳ ಹೊತ್ತು ಮೇಜಿನ ಮುಂದೆ ಸುಮ್ಮನೆ ಕುಳಿತಿದ್ದೆ.

ಕೈ ಹಿಡಿದದ್ದು ಆ ನೋಟ್‌ಬುಕ್. ಬಲ ಚಾನೆಲ್ ಆರೋಗ್ಯದಿಂದಿದ್ದಾಗಿನ ಪ್ರತಿ ವೋಲ್ಟೇಜೂ ಅಲ್ಲಿತ್ತು. ಜೊತೆಗೆ ಈಗ ಎಡ ಚಾನೆಲ್ ಸರಿಯಾಗಿತ್ತು, ಅದೇ ಮಾದರಿಯಾಯಿತು. ಹಳೆಯ ನಂಬರಿನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ನಕಲಿ ಹೆಚ್ಚು, ಆದ್ದರಿಂದ ಎಮ್‌ಜೆ21193 ಮತ್ತು 21194 ಜೋಡಿಯನ್ನು ನಂಬಿಕೆಯ ಕಡೆಯಿಂದ ತರಿಸಿದೆ. ವಿದ್ಯುತ್ತನ್ನು ತಡೆಯುವ ಹೊಸ ಮೈಕಾ ಹಾಳೆ, ತೆಳುವಾಗಿ ಪೇಸ್ಟ್, ಕವಚಕ್ಕೂ ಹೀಟ್ ಸಿಂಕಿಗೂ ಸಂಪರ್ಕವಿಲ್ಲವೆಂದು ಮೀಟರಿನಲ್ಲಿ ಎರಡೆರಡು ಸಲ ಖಾತ್ರಿ. ಸರಣಿ ದೀಪ ಮತ್ತೆ ಬಂತು. ಅಂದಿನಿಂದ ಚಾಲೂ ಇರುವ ಯಂತ್ರಕ್ಕೆ ಮೊನೆ ಹಿಡಿಯುವುದಿಲ್ಲ. ಸ್ವಿಚ್ ಆರಿಸಿ, ಫಿಲ್ಟರ್ ಕೆಪಾಸಿಟರ್‌ಗಳನ್ನು 100 ಓಮಿನ 5 ವ್ಯಾಟ್ ರೆಸಿಸ್ಟರಿನಿಂದ ಖಾಲಿ ಮಾಡಿ, ಕ್ಲಿಪ್ ಸಿಕ್ಕಿಸಿ, ಆಮೇಲೆ ಆನ್ ಮಾಡಿ ದೂರದಿಂದ ಓದುತ್ತೇನೆ.

ಬೈಯಾಸನ್ನು ಅತಿ ಕಡಿಮೆಯಿಂದ ಶುರು ಮಾಡಿ, ಇಪ್ಪತ್ತು ನಿಮಿಷ ಬೆಚ್ಚಗಾಗಲು ಬಿಟ್ಟು, 0.47 ಓಮ್ ರೆಸಿಸ್ಟರಿನ ಎರಡು ತುದಿಗಳ ನಡುವೆ 10 ಮಿಲಿವೋಲ್ಟಿಗೆ ತಂದೆ. ಲೆಕ್ಕಕ್ಕೆ 21 ಮಿಲಿಆಂಪಿಯರ್ ಆಗುತ್ತದೆ. ಬೈಯಾಸ್ ಹೊಂದಿಸುವ ಪುಟ್ಟ ತಿರುಪನ್ನು, ಅಂದರೆ ಟ್ರಿಮ್ಮರನ್ನು, ತಿರುಗಿಸುವಾಗ ಉಸಿರು ಬಿಗಿಹಿಡಿದಿದ್ದೆ.

ಕೊನೆಗೆ ಸ್ಪೀಕರ್ ಜೋಡಿಸಿ ಒಂದು ಮೋನೊ ಧ್ವನಿಮುದ್ರಣ ಹಚ್ಚಿದೆ. ಎರಡೂ ಚಾನೆಲ್‌ಗೆ ಹೋಗುವುದು ಒಂದೇ ಸಂಕೇತವಾದ್ದರಿಂದ ಎಡಬಲಗಳ ವ್ಯತ್ಯಾಸ ಅಡಗಲು ಜಾಗವಿರುವುದಿಲ್ಲ. ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಎಲ್ಲಿಂದ ಬರುತ್ತಿದೆ ಮಾವ?" ಎಂದೆ. ಅವರು ಕಣ್ಣು ತೆರೆಯದೆ ಕೈಯೆತ್ತಿ ತೋರಿಸಿದ್ದು ಎರಡು ಸ್ಪೀಕರ್‌ಗಳ ನಟ್ಟನಡುವಿನ ಖಾಲಿ ಗೋಡೆಯನ್ನು.